ನಿಮ್ಗೆ ಬಂತಾ?

ಮದುವೆ ಮನೆಯಲ್ಲಿ ಅಡುಗೆ ಭಟ್ಟರು ಯಾರನ್ನಾದರೂ ಕರೆದು, ಅಂಗೈಗೆ ಎರಡು ಹನಿ ಸಾರು ಬಿಟ್ಟು, "ಉಪ್ಪು ನೋಡಿ ಸ್ವಾಮಿ" ಅಂದರೆ ಸಾಕು. ಆತ ದಿನವೆಲ್ಲ ಎದೆಯುಬ್ಬಿಸಿಕೊಂಡು ಓಡಾಡುತ್ತಾನೆ. ನಾಲಿಗೆ ಸುಟ್ಟಿದ್ದು ಯಾರಿಗೂ ಹೇಳುವುದಿಲ್ಲ. ಸಾಫ್ಟ್‌ವೇರ್ ಕಂಪನಿಗಳಿಗೆ ಈ ಗುಟ್ಟು ಗೊತ್ತಾಗಿ ಇಪ್ಪತ್ತು ವರ್ಷ ದಾಟಿತು.

ಜಿಮೇಲ್ ಬಂದಿದ್ದು 2004ರ ಏಪ್ರಿಲ್ 1ರಂದು. ಒಳಗಿದ್ದವರು ಕರೆದರೆ ಮಾತ್ರ ಪ್ರವೇಶ. ಆ ಕರೆಯೋಲೆಯನ್ನು ಜನ ಇಬೇ ಅನ್ನುವ ಆನ್‌ಲೈನ್ ಸಂತೆಯಲ್ಲಿ ದುಡ್ಡು ಕೊಟ್ಟು ಕೊಂಡರು. ಬಿಟ್ಟಿ ಮೇಲ್‌ಗೆ! ಹೆಸರಿನ ಜೊತೆ 'ಬೀಟಾ' ಅನ್ನುವ ಚೀಟಿ. ಅಂದರೆ, ಇನ್ನೂ ಒಲೆ ಮೇಲಿದೆ ಅಂತ. ಚೀಟಿ ಕಿತ್ತಿದ್ದು 2009ರ ಜುಲೈನಲ್ಲಿ. 2004ರಲ್ಲಿ ಹುಟ್ಟಿದ ಮಗು ಅಷ್ಟರಲ್ಲಿ ಯುಕೆಜಿಗೆ ಹೋಗುತ್ತಿತ್ತು. ಚೀಟಿ ಹೋಯಿತಲ್ಲ ಅಂತ ಬೇಜಾರಾದವರಿಗೆ ಅದನ್ನು ಮತ್ತೆ ಅಂಟಿಸಿಕೊಳ್ಳುವ ಸೌಲಭ್ಯವನ್ನೂ ಗೂಗಲ್ ಕೊಟ್ಟಿತು. ನಾನು ಕಟ್ಟಿದ ಕಥೆಯಲ್ಲ, ಸೆಟ್ಟಿಂಗ್ಸ್‌ನ 'ಲ್ಯಾಬ್ಸ್' ಒಳಗೆ ನಿಜವಾಗಿಯೂ ಇತ್ತು. ಅದೇ ಲ್ಯಾಬ್ಸ್‌ನಲ್ಲಿ ಇನ್ನೊಂದಿತ್ತು. ವಾರದ ಕೊನೆಗೆ ಸರಿರಾತ್ರಿಯಲ್ಲಿ ಮೇಲ್ ಕಳಿಸಲು ಹೊರಟರೆ ಮೊದಲು ಲೆಕ್ಕ ಮಾಡಿಸುತ್ತಿತ್ತು. ಗುಂಡು ಹಾಕಿದ ಕೈ ಹಳೇ ಹುಡುಗಿಗೆ ಏನೇನೋ ಬರೆಯಬಾರದು ಅಂತ. ಅದೊಂದು ಉಳಿಯಬೇಕಿತ್ತು, ಅಲ್ವಾ?

ಈಗ ಇಡೀ ಸಾರಿನ ರುಚಿ ನೋಡಿಸುವುದಿಲ್ಲ. ಒಂದೊಂದೇ ಸಾಸಿವೆ ಕೊಡುತ್ತಾರೆ. ಇವತ್ತು ಒಂದು ಬಟನ್, ನಾಳೆ ಒಂದು ಬಣ್ಣ. ಅದೂ 'ಹಂತ ಹಂತವಾಗಿ'. ನಮ್ಮ ಬಡಾವಣೆಯ ನಲ್ಲಿ ನೀರಿನ ಹಾಗೆ. ಮೇಲಿನ ಬೀದಿಗೆ ಬಂದಿರುತ್ತದೆ, ಕೆಳಗಿನ ಬೀದಿಯವರು ಖಾಲಿ ಕೊಡ ಹಿಡಿದು "ನಿಮ್ಗೆ ಬಂತಾ?" ಅಂತ ಕೇಳುತ್ತಿರುತ್ತಾರೆ. ನಮ್ಮ ಅಣ್ಣನ ಮಗ ಮೇಲಿನ ಬೀದಿಯವನು. "ಏನ್ ಚಿಕ್ಕಪ್ಪ, ಇನ್ನೂ ಬಂದಿಲ್ವಾ?" ಅನ್ನುವಾಗ ಅವನ ಮುಖದಲ್ಲಿ ಕನಿಕರ ಇರುತ್ತದೆ.

ರುಚಿ ನೋಡಿದವನ ಮಾತನ್ನು ಭಟ್ಟರು ಕೇಳುತ್ತಾರಾ ಅನ್ನುವುದು ಬೇರೆ ವಿಷಯ. 2018ರ ಅಕ್ಟೋಬರ್‌ನಲ್ಲಿ ವಿಂಡೋಸ್ 10ಕ್ಕೆ ಬಂದ ಅಪ್‌ಡೇಟ್ ಕೆಲವರ ಫೈಲುಗಳನ್ನೇ ಗುಡಿಸಿ ಹಾಕಿತು. ಮೈಕ್ರೋಸಾಫ್ಟ್ ಗಾಬರಿಯಾಗಿ ಅದನ್ನು ನಿಲ್ಲಿಸಿತು. ಆಮೇಲೆ ನೋಡಿದರೆ, ಮುಂಚೆಯೇ ಬಳಸಿ ನೋಡುವ 'ಇನ್‌ಸೈಡರ್' ಬಳಗದ ಕೆಲವರು "ಫೈಲ್ ಹೋಯ್ತು" ಅಂತ ಮೊದಲೇ ಬರೆದಿದ್ದರು. ಆದರೆ ಆ ದೂರಿಗೆ ಜಾಸ್ತಿ ವೋಟು ಬಿದ್ದಿರಲಿಲ್ಲ. ಮನೆಗೆ ಬೆಂಕಿ ಬಿದ್ದಿದೆ ಅಂದರೆ "ಎಷ್ಟು ಜನ ಒಪ್ಪಿದ್ದಾರೆ?" ಅಂದ ಹಾಗಾಯಿತು. ತೊಂದರೆ ಎಷ್ಟು ದೊಡ್ಡದು ಅಂತ ಬರೆಯುವ ಜಾಗವನ್ನು ದೂರಿನ ಫಾರಂಗೆ ಸೇರಿಸಿದ್ದು ಇದಾದ ಮೇಲೆ.

ಕಳೆದ ತಿಂಗಳು ನನಗೂ ಕರೆ ಬಂತು. ಫೋನಿನ ಒಂದು ಆಪ್ "ನಿಮ್ಮನ್ನು ಆರಿಸಿದ್ದೇವೆ" ಅಂದಿತು. ನನ್ನ ಜನ್ಮದಲ್ಲಿ ಯಾರೂ ಹಾಗೆ ಅಂದಿರಲಿಲ್ಲ. ಓದದೆ ಒಪ್ಪಿದೆ. ಬಂದ ಮೆಸೇಜಿಗೆ ತಾನೇ ಉತ್ತರ ಕೊಡುವ ಸೌಲಭ್ಯವಂತೆ. ಸೋದರತ್ತೆ "ಸೊಂಟ ಹಿಡ್ಕೊಂಡಿದೆ ಕಣೋ" ಅಂತ ಬರೆದಿದ್ದರು. ನನ್ನ ಹೆಸರಲ್ಲಿ "ಅಭಿನಂದನೆಗಳು!" ಅಂತ ಹೋಯಿತು, ಜೊತೆಗೆ ಎರಡು ಬಲೂನು.

ಅತ್ತೆ ಮಾತು ಬಿಟ್ಟರು. ನಾನು 'ದೂರು ತಿಳಿಸಿ' ಒತ್ತಿದೆ. "ಈ ಸೌಲಭ್ಯ ನಿಮಗಿನ್ನೂ ಬಂದಿಲ್ಲ. ಕಾಯುವವರ ಪಟ್ಟಿಗೆ ಸೇರಿ" ಅಂತ ಬಂತು.

ಸೇರಿದ್ದೇನೆ. ಅಣ್ಣನ ಮಗನಿಗೆ ಆಗಲೇ ಬಂದಿದೆಯಂತೆ.