ಎಣ್ಣೆ ಹಚ್ಚಿದ ಬೋಲ್ಟನ್ನು ಜಾಸ್ತಿ ಬಿಗಿಯಬೇಕಾ?

‘ಬೋಲ್ಟಿಗೆ ಎಣ್ಣೆ ಹಚ್ಚಿದರೆ ಜಾರುತ್ತೆ, ಅದಕ್ಕೇ ಇನ್ನೊಂದು ಸುತ್ತು ಜಾಸ್ತಿ ಬಿಗಿಯಿರಿ’ ಅಂತ ಒಂದು ಮೆಸೇಜ್ ಮಂಡ್ಯದ ನಮ್ಮ ಬೀದಿಯ ವಾಟ್ಸಾಪ್ ಗ್ರೂಪಿನಲ್ಲಿ ಓಡಾಡುತ್ತಿದೆ. ಇದು ತಪ್ಪು. ನಿಜ ಪೂರ್ತಿ ಉಲ್ಟಾ.

ಬಿಗಿದಾಗ ಬೋಲ್ಟ್ ಕೂದಲೆಳೆಯಷ್ಟು ಹಿಗ್ಗುತ್ತದೆ. ಹಿಗ್ಗಿದ್ದು ಸ್ಪ್ರಿಂಗಿನ ಹಾಗೆ ಎಳೆಯುತ್ತದಲ್ವಾ, ಆ ಎಳೆತವೇ ಹಿಡಿತ. ಒಣ ಬೋಲ್ಟಿನಲ್ಲಿ ನಾವು ಹಾಕುವ ಬಲದ ಸುಮಾರು 90 ಪರ್ಸೆಂಟ್ ತಲೆಯ ಕೆಳಗಿನ, ಥ್ರೆಡ್ಡಿನ (ಮೈಮೇಲಿನ ಸುರುಳಿ ಗೆರೆಗಳ) ಉಜ್ಜಾಟಕ್ಕೇ ಹೋಗುತ್ತದೆ. ಹಿಗ್ಗಿಸಲು ಉಳಿಯುವುದು ಬರೀ 10. ಎಣ್ಣೆ ಬಿದ್ದರೆ ಉಜ್ಜಾಟ ಕಡಿಮೆ, ಅದೇ ಕೈಬಲಕ್ಕೆ ಬೋಲ್ಟ್ ಜಾಸ್ತಿ ಹಿಗ್ಗುತ್ತದೆ. ಅದರ ಮೇಲೆ ಇನ್ನೊಂದು ಸುತ್ತು ಬೇರೆ!

ನಮ್ಮ ಸ್ಕೂಟರಿನ ಆಯಿಲ್ ಡ್ರೈನ್ ಬೋಲ್ಟಿಗೆ ನಾನೇ ಹೀಗೆ ಮಾಡಿದ್ದೆ. ಸ್ಪ್ಯಾನರ್ ಇದ್ದಕ್ಕಿದ್ದಂತೆ ಹಗುರಾಯಿತು. ಬಿಚ್ಚಿ ನೋಡಿದರೆ ಎಂಜಿನ್ನಿನ ತೂತಿನೊಳಗಿನ ಥ್ರೆಡ್ಡೇ ಕಿತ್ತು, ಬೋಲ್ಟಿಗೆ ಸುತ್ತಿಕೊಂಡು ಅಲ್ಯೂಮಿನಿಯಂ ಸುರುಳಿಯಾಗಿ ಹೊರಗೆ ಬಂತು.

ಮ್ಯಾನುಯಲ್‌ನಲ್ಲಿರುವ ಟಾರ್ಕ್ (ಎಷ್ಟು ತಿರುಗುಬಲ ಹಾಕಿ ಬಿಗಿಯಬೇಕು ಅನ್ನೋ ಅಂಕಿ) ಒಣ ಬೋಲ್ಟಿಗಾ, ಎಣ್ಣೆ ಹಚ್ಚಿದ್ದಕ್ಕಾ ನೋಡಿ. ಒಣದಕ್ಕಾದರೆ ಒರೆಸಿ ಬಿಗಿಯಿರಿ. ಕಾರಿನ ಚಕ್ರದ ನಟ್ಟಿಗೆ ಹೆಚ್ಚಿನ ಕಂಪನಿಗಳು ಎಣ್ಣೆ ಬೇಡ ಎನ್ನುತ್ತವೆ. ಕೆಲವು ಎಂಜಿನ್ ಹೆಡ್ ಬೋಲ್ಟಿಗೆ ಎಣ್ಣೆ ಹಚ್ಚಲೇಬೇಕು. ಅಲುಗಾಟಕ್ಕೆ ಸಡಿಲವಾಗುವ ಜಾಗವಾದರೆ ನೈಲಾನ್ ಬಳೆ ಇರುವ ಲಾಕ್ ನಟ್ ಹಾಕಿ.