ದೊಮೊವೊಯ್‌ನ ಒಲೆ ಎಲ್ಲಿ ಹೋಯಿತು?

ನಿನ್ನೆ ರಾತ್ರಿ ಒಂದು ಕಾದಂಬರಿ ಮುಗಿಸಿದೆ. ಇನ್ನೂ ಸಿಟ್ಟು ಇಳಿದಿಲ್ಲ. ಇವತ್ತಿನ ಮಾಸ್ಕೋದಲ್ಲಿ ನಡೆಯುವ ಕಥೆ, ತುಂಬಾ ರಷ್ಯನ್ ಜನಪದದ ಪಾತ್ರಗಳು. ಚಿಕ್ಕಂದಿನಲ್ಲಿ ಓದಿದ ಸೋವಿಯತ್ ಪುಸ್ತಕಗಳ ಹುಚ್ಚು ನನಗಿನ್ನೂ ಬಿಟ್ಟಿಲ್ಲ ಅಂತ ನಿಮಗೆಲ್ಲ ಗೊತ್ತೇ ಇದೆ. ಆಸೆಯಿಂದ ಕೊಂಡಿದ್ದೆ.

ಅದರಲ್ಲಿ ಮನೆ ಕಾಯುವ ದೈವ ದೊಮೊವೊಯ್ ನಾಯಕಿಯ ಮುದ್ದಿನ ಬೆಕ್ಕಿನ ಹಾಗೆ ಓಡಾಡುತ್ತಾನೆ. ಕಾಡಿನ ಮುದಿ ಮಾಟಗಾತಿ ಬಾಬಾ ಯಾಗಾ ಕೆಫೆ ನಡೆಸುತ್ತಾಳೆ, ಕೊನೆಗೆ ಖಳನಾಯಕಿಯಾಗಿ ಸಾಯುತ್ತಾಳೆ. ಹೆಸರುಗಳನ್ನಷ್ಟೇ ತಂದು ಅವರ ಕಟ್ಟುಪಾಡುಗಳನ್ನೆಲ್ಲ ಹಳ್ಳಿಯಲ್ಲೇ ಬಿಟ್ಟು ಬಂದರೆ ಹೇಗೆ?

ದೊಮೊವೊಯ್ ಇರೋದು ಒಲೆಯ ಹಿಂದೆ. ಆ ಒಲೆ ಎಷ್ಟು ದೊಡ್ಡದು ಅಂದರೆ ಚಳಿಗಾಲದಲ್ಲಿ ಮನೆಯವರು ಅದರ ಮೇಲೇ ಮಲಗುತ್ತಿದ್ದರು. ಮನೆ ಬದಲಿಸುವಾಗ ಹಳೇ ಒಲೆಯ ಕೆಂಡವನ್ನು ಮಡಕೆಯಲ್ಲಿ ತುಂಬಿಕೊಂಡು, ‘ಅಜ್ಜಾ, ನಮ್ಮ ಜೊತೆ ಬಾ’ ಅಂತ ಕರೆಯಬೇಕು. ಕರೆಯದೆ ಹೋದರೆ ಅವನು ಖಾಲಿ ಮನೆಯಲ್ಲಿ ಅಳುತ್ತಾ ಕೂರುತ್ತಾನೆ. ನಮ್ಮ ಊರಿನ ಮನೆ ಮಾರಿದ ಮೇಲೆ ಇದನ್ನು ನೆನೆದರೆ ನನಗೆ ಕಣ್ಣು ತುಂಬುತ್ತದೆ.

1950ರ ದಶಕದ ಕೊನೆಯಿಂದ ಲಕ್ಷಾಂತರ ಕುಟುಂಬಗಳು ಸೋವಿಯತ್ ನಾಯಕ ಕ್ರುಶ್ಚೇವ್ ಕಾಲದ ಐದಂತಸ್ತಿನ ಕಟ್ಟಡಗಳಿಗೆ ಹೋದವು. ಅಲ್ಲಿ ಆ ಒಲೆ ಇಲ್ಲ. ಗೋಡೆಯಲ್ಲಿ ಬಿಸಿನೀರಿನ ರೇಡಿಯೇಟರ್. ಹಾಗಾದರೆ ಅಜ್ಜನನ್ನು ಯಾವುದರಲ್ಲಿ ತಂದರು? ತಂದರೋ, ಬಿಟ್ಟೇ ಬಂದರೋ? ಇಡೀ ಕಾದಂಬರಿ ಈ ಪ್ರಶ್ನೆಯಲ್ಲೇ ಇದೆ. ಲೇಖಕರು ಅದನ್ನು ಕೇಳಿಕೊಂಡೇ ಇಲ್ಲ.

ಕಾಡಿನ ಒಡೆಯ ಲೇಶಿ ದಾರಿ ತಪ್ಪಿಸಿದರೆ ಬಟ್ಟೆಯನ್ನು ಒಳಗು ಹೊರಗು ಮಾಡಿ ಹಾಕಿಕೊಳ್ಳಬೇಕು, ಎಡ ಬಲದ ಬೂಟು ಅದಲು ಬದಲು ಮಾಡಬೇಕು. ಮಾಸ್ಕೋ ಮೆಟ್ರೋದಲ್ಲಿ ವರ್ತುಲ ಮಾರ್ಗ ಇದೆ. ಇಳಿಯಲಾಗದೆ ಅದರಲ್ಲೇ ಸುತ್ತುತ್ತಿರುವ ಮುದುಕಿಯೊಬ್ಬಳು ಎಲ್ಲರೆದುರು ಕೋಟು ಬಿಚ್ಚಿ ತಿರುಗಿಸಿ ಹಾಕಿಕೊಂಡರೆ? ಅಂಥದ್ದು ಬೇಕು ನನಗೆ.

‘ಜನಪದ ಬದಲಾಗುತ್ತಲೇ ಇರುತ್ತದೆ, ಸುಮ್ನೆ ಯಾಕೆ ಹಟ?’ ಅಂತ ಗೆಳೆಯರೊಬ್ಬರು ಕೇಳಿದರು. ಬದಲಾಗಲಿ! 1965ರಲ್ಲೇ ವಿಜ್ಞಾನ ಕಥೆಗಳ ಲೇಖಕರಾದ ಸ್ತ್ರುಗಾತ್ಸ್ಕಿ ಸಹೋದರರು ತಮ್ಮ ಕಾದಂಬರಿಯಲ್ಲಿ ಯಾಗಾಳ ಕೋಳಿಕಾಲಿನ ಗುಡಿಸಲನ್ನು ಸೋವಿಯತ್ ಸಂಶೋಧನಾ ಸಂಸ್ಥೆಯ ಮ್ಯೂಸಿಯಂ ಮಾಡಿದರು. ಅಲ್ಲಿ ಹಳೆಯದೂ ಹೊಸದೂ ಒಂದಕ್ಕೊಂದು ತಾಗುತ್ತವೆ. ಬದಲಾಯಿಸೋದು ಅಂದರೆ ಅದು. ಇಲ್ಲಿ ಬದಲಾಯಿಸಿಲ್ಲ, ಅಳಿಸಿದ್ದಾರೆ.

ಬಾಬಾ ಯಾಗಾಳನ್ನು ಕೊಂದದ್ದಂತೂ ನನಗೆ ತಡೆಯೋಕೇ ಆಗಲಿಲ್ಲ. 1855ರಿಂದ 1863ರವರೆಗೆ ಜನಪದ ಕಥೆಗಳ ಸಂಗ್ರಾಹಕ ಅಫನಾಸ್ಯೆವ್ ಪ್ರಕಟಿಸಿದ ಕಥೆಗಳಲ್ಲಿ ವಸಿಲಿಸಾ ಅನ್ನೋ ತಾಯಿಯಿಲ್ಲದ ಹುಡುಗಿ ಬೆಂಕಿ ಕೇಳಿಕೊಂಡು ಅವಳ ಹತ್ತಿರ ಹೋಗುತ್ತಾಳೆ. ಯಾಗಾ ಅವಳಿಂದ ಮೈಮುರಿಯುವಷ್ಟು ಕೆಲಸ ಮಾಡಿಸುತ್ತಾಳೆ. ಆಮೇಲೆ ಕಣ್ಣಲ್ಲಿ ಬೆಂಕಿ ಉರಿಯುವ ತಲೆಬುರುಡೆ ಕೊಟ್ಟು ಕಳಿಸುತ್ತಾಳೆ. ಮಲತಾಯಿಯನ್ನೂ ಅವಳ ಮಕ್ಕಳನ್ನೂ ಸುಟ್ಟು ಬೂದಿ ಮಾಡೋದು ಅದೇ ಬೆಂಕಿ. ಯಾಗಾ ಮನುಷ್ಯರನ್ನು ತಿನ್ನುತ್ತಾಳೆ, ಕಾಪಾಡುತ್ತಾಳೆ ಕೂಡ. ನೀವು ಹೇಗೆ ನಡೆದುಕೊಳ್ಳುತ್ತೀರಿ ಅನ್ನೋದರ ಮೇಲೆ ಎಲ್ಲ ನಿಂತಿದೆ. ಅವಳನ್ನು ಬರೀ ಕೆಟ್ಟವಳನ್ನಾಗಿ ಮಾಡಿ ಸಾಯಿಸಿದರೆ ಆ ಭಯ ಎಲ್ಲಿ ಉಳಿಯುತ್ತದೆ?

ಈ ಸರಣಿಯ ಎರಡನೇ ಭಾಗ ಬರುತ್ತಂತೆ. ನಾನು ಕೊಳ್ಳಲ್ಲ. ದೊಮೊವೊಯ್‌ನನ್ನು ಸರಿಯಾಗಿ ಕರೆದು ತಂದ ಪುಸ್ತಕ ಯಾರಿಗಾದರೂ ಗೊತ್ತಿದ್ದರೆ ಹೇಳಿ, ಇವತ್ತೇ ತರಿಸುತ್ತೇನೆ.