ಮೂಳೆಯಲ್ಲಿ ಇರಬೇಕಾದ ಸುಣ್ಣ ರಕ್ತನಾಳದಲ್ಲಿ ಯಾಕೆ?

"ಕ್ಯಾಲ್ಸಿಯಂ ಮಾತ್ರೆ ನುಂಗಿದರೆ ಹಾರ್ಟ್ ಬ್ಲಾಕ್ ಗ್ಯಾರಂಟಿ" ಅನ್ನೋ ಫಾರ್ವರ್ಡ್ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರುತ್ತೆ. ನಮ್ಮ ಗ್ರೂಪಿಗೆ ಬಂದ ಮಾರನೇ ದಿನವೇ ನಮ್ಮ ಅತ್ತೆ ಮಾತ್ರೆ ನಿಲ್ಲಿಸಿಬಿಟ್ಟರು. ಅದರ ಹಿಂದೆಯೇ ಇನ್ನೊಂದು ಬಂತು: "ಕೆ2 ವಿಟಮಿನ್ ತಗೊಳ್ಳಿ, ರಕ್ತನಾಳದ ಕ್ಯಾಲ್ಸಿಯಂ ಎಲ್ಲಾ ಮೂಳೆಗೆ ಹೋಗಿ ಸೇರುತ್ತೆ." ಕೆಳಗೆ ಖರೀದಿ ಮಾಡುವ ಲಿಂಕ್ ಬೇರೆ.

ಎರಡರಲ್ಲೂ ಅರ್ಧ ನಿಜ ಇದೆ. ಅದಕ್ಕೇ ಜನ ನಂಬುತ್ತಾರೆ.

ಮೂಳೆ ಸವೆದವರಲ್ಲಿ ರಕ್ತನಾಳಕ್ಕೆ ಸುಣ್ಣ (ಅಂದರೆ ಕ್ಯಾಲ್ಸಿಯಂ) ಕಟ್ಟುವುದು ಜಾಸ್ತಿ ಅನ್ನುವುದು ನಿಜ. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಊರಿನವರನ್ನು ದಶಕಗಳ ಕಾಲ ಹಿಂಬಾಲಿಸಿ ನೋಡಿದ ಅಧ್ಯಯನದಲ್ಲಿ 25 ವರ್ಷಗಳ ಎಕ್ಸ್‌ರೇಗಳನ್ನು ಹೋಲಿಸಿದರು. ಕೈಮೂಳೆ ಎಷ್ಟು ತೆಳುವಾಗಿದೆ, ಹೊಟ್ಟೆಯ ಮಹಾಪಧಮನಿಯಲ್ಲಿ (ಹೃದಯದಿಂದ ಹೊರಟು ಕೆಳಗಿಳಿಯುವ ದೊಡ್ಡ ರಕ್ತನಾಳ) ಎಷ್ಟು ಸುಣ್ಣ ಕೂತಿದೆ ಅಂತ. 2001ರಲ್ಲಿ ಬಂದ ಫಲಿತಾಂಶ: ಯಾವ ಹೆಂಗಸರ ಮೂಳೆ ಹೆಚ್ಚು ಸವೆದಿತ್ತೋ ಅವರ ಮಹಾಪಧಮನಿಯಲ್ಲೇ ಸುಣ್ಣ ಹೆಚ್ಚು ಬೆಳೆದಿತ್ತು. ವಯಸ್ಸಿನ ಲೆಕ್ಕ ಬದಿಗಿಟ್ಟು ನೋಡಿದರೂ ಹಾಗೇ. ಗಂಡಸರಲ್ಲಿ ಈ ನಂಟು ಅಷ್ಟು ಗಟ್ಟಿಯಾಗಿ ಕಾಣಲಿಲ್ಲ.

ಹಾಗಂದ ಮಾತ್ರಕ್ಕೆ ಮೂಳೆ ಕರಗಿ, ಅದೇ ಸುಣ್ಣ ಹರಿದು ಬಂದು ಹೃದಯದ ನಾಳದಲ್ಲಿ ಕೂರುತ್ತೆ ಅಂತಲ್ಲ. ವಿಷಯ ಇನ್ನೂ ಸೋಜಿಗದ್ದು. ನಾಳದ ಗೋಡೆಯಲ್ಲಿರುವ ಸ್ನಾಯು ಕೋಶಗಳೇ ತಮ್ಮ ಕಸುಬು ಬಿಟ್ಟು ಮೂಳೆ ಕಟ್ಟುವ ಕೋಶಗಳ ಥರ ಆಡಲು ಶುರು ಮಾಡುತ್ತವೆ. ಹಾಗೆ ಆಗದಂತೆ ತಡೆಯುವ ಪ್ರೋಟೀನುಗಳು ನಮ್ಮ ಮೈಯಲ್ಲೇ ಇವೆ. ಅದರಲ್ಲಿ ಒಂದು ಮೇಟ್ರಿಕ್ಸ್ ಗ್ಲಾ ಪ್ರೋಟೀನ್. 1997ರಲ್ಲಿ ಅದೊಂದೇ ಇಲ್ಲದ ಇಲಿಗಳನ್ನು ಹುಟ್ಟಿಸಿದರು. ಎರಡು ತಿಂಗಳೊಳಗೆ ಅವುಗಳ ನಾಳಗಳು ಸುಣ್ಣ ಕಟ್ಟಿ, ಬಿರಿದು, ಇಲಿಗಳು ಸತ್ತವು. ಮರುವರ್ಷ ಆಸ್ಟಿಯೋಪ್ರೊಟೆಜೆರಿನ್ ಅನ್ನುವ ಇನ್ನೊಂದು ಪ್ರೋಟೀನ್ ಇಲ್ಲದ ಇಲಿಗಳನ್ನು ನೋಡಿದರು. ಅವುಗಳ ಮೂಳೆ ಟೊಳ್ಳು, ಮಹಾಪಧಮನಿಯಲ್ಲಿ ಸುಣ್ಣ. ಒಂದೇ ಇಲಿಯಲ್ಲಿ ಎರಡೂ!

ಕೆ2 ಮಾರುವವರಿಗೆ ಸಿಕ್ಕಿದ ಬಂಡವಾಳ ಇಲ್ಲಿದೆ. ಆ ಗ್ಲಾ ಪ್ರೋಟೀನ್ ಕೆಲಸ ಮಾಡಲು ವಿಟಮಿನ್ ಕೆ ಬೇಕೇ ಬೇಕು. ಹಾಗಾದರೆ ಮಾತ್ರೆ ಕೊಟ್ಟರೆ ಸುಣ್ಣ ಕಟ್ಟುವುದು ನಿಲ್ಲಬೇಕಲ್ವಾ? ಡೆನ್ಮಾರ್ಕಿನಲ್ಲಿ ಹೃದಯದ ಕವಾಟಕ್ಕೆ ಸುಣ್ಣ ಕಟ್ಟಿದ್ದ ಗಂಡಸರಿಗೆ ದಿನಕ್ಕೆ 720 ಮೈಕ್ರೋಗ್ರಾಂ ಕೆ2, ಜೊತೆಗೆ ವಿಟಮಿನ್ ಡಿ, ಎರಡು ವರ್ಷ ಕೊಟ್ಟು ನೋಡಿದರು. 2022ರಲ್ಲಿ ಫಲಿತಾಂಶ ಬಂತು. ಸುಣ್ಣ ಬೆಳೆಯುವ ವೇಗ ಕಡಿಮೆಯಾಗಲೇ ಇಲ್ಲ. ಲಿಂಕ್ ಕಳಿಸುವವರು ಇಲಿಗಳ ಕಥೆ ಹೇಳುತ್ತಾರೆ, ಇದನ್ನು ಹೇಳಲ್ಲ.

ಇನ್ನು ಕ್ಯಾಲ್ಸಿಯಂ ಮಾತ್ರೆ. 2008ರಲ್ಲಿ ನ್ಯೂಜಿಲೆಂಡಿನ 1471 ಹೆಂಗಸರ ಮೇಲಿನ ಪ್ರಯೋಗದಿಂದ ಗಾಬರಿ ಹುಟ್ಟಿದ್ದು ಹೌದು, ಮಾತ್ರೆ ತಗೊಂಡವರಲ್ಲಿ ಹೃದಯಾಘಾತ ಹೆಚ್ಚು ಕಂಡಿತ್ತು. ಆದರೆ ಅಮೆರಿಕದಲ್ಲಿ 36 ಸಾವಿರಕ್ಕೂ ಹೆಚ್ಚು ಹೆಂಗಸರಿಗೆ ಏಳು ವರ್ಷ ಕ್ಯಾಲ್ಸಿಯಂ, ವಿಟಮಿನ್ ಡಿ ಕೊಟ್ಟ ಪ್ರಯೋಗದಲ್ಲಿ ಹಾಗೆ ಕಾಣಲಿಲ್ಲ. ನನಗೆ ಹೆಚ್ಚು ಒಪ್ಪಿಗೆಯಾಗಿದ್ದು 2016ರ ಇನ್ನೊಂದು ಅಧ್ಯಯನ: ಊಟದಿಂದಲೇ ಹೆಚ್ಚು ಕ್ಯಾಲ್ಸಿಯಂ ಪಡೆದವರಲ್ಲಿ ಹೃದಯದ ನಾಳಕ್ಕೆ ಸುಣ್ಣ ಕಟ್ಟಿದ್ದು ಕಡಿಮೆ, ಮಾತ್ರೆ ತಗೊಂಡವರಲ್ಲಿ ಸ್ವಲ್ಪ ಜಾಸ್ತಿ. ಮಾತ್ರೆ ನುಂಗಿದಾಗ ರಕ್ತದಲ್ಲಿ ಕ್ಯಾಲ್ಸಿಯಂ ಒಮ್ಮೆಲೇ ಏರುತ್ತದೆ, ಊಟದ್ದು ನಿಧಾನಕ್ಕೆ ಸೇರುತ್ತದೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಇದೆ (ಎಲ್ಲವೂ ಮೈಗೆ ಹತ್ತಲ್ಲ, ಅದು ಬೇರೆ ಮಾತು). ದಿನಕ್ಕೆ ಬೇಕಾಗಿದ್ದು ದೊಡ್ಡವರಿಗೆ ಸಾವಿರ ಮಿಲಿಗ್ರಾಂ, ಮುಟ್ಟು ನಿಂತ ಹೆಂಗಸರಿಗೆ 1200. ಮುದ್ದೆ, ಮೊಸರು, ಎಳ್ಳು, ಸೊಪ್ಪು ಎಲ್ಲ ತಿಂದ ಮೇಲೂ ಕೊರತೆ ಬೀಳುವಷ್ಟಕ್ಕೆ ಮಾತ್ರೆ. ಡಾಕ್ಟರ್ ಬರೆದುಕೊಟ್ಟಿದ್ದನ್ನು ಫಾರ್ವರ್ಡ್ ನೋಡಿ ಬಿಡುವುದಲ್ಲ.

ಆದರೆ ನನ್ನ ಸಿಟ್ಟು ಫಾರ್ವರ್ಡಿನ ಮೇಲೆ ಅಷ್ಟಿಲ್ಲ. ಮೂಳೆ ಎಷ್ಟು ಗಟ್ಟಿ ಅಂತ ಅಳೆಯುವ ಡೆಕ್ಸಾ ಸ್ಕ್ಯಾನ್ ಮಾಡಿಸಿದಾಗ ಅತ್ತೆಯ ರಿಪೋರ್ಟಿನಲ್ಲಿ ಸೊಂಟದ (ತೊಡೆಮೂಳೆ ಸೇರುವ ಜಾಗದ) ಟಿ-ಸ್ಕೋರ್, ಅಂದರೆ ಆರೋಗ್ಯವಂತ ಯುವಜನರ ಮೂಳೆಗೆ ಹೋಲಿಸಿ ಕೊಡುವ ಅಂಕ, ಮೈನಸ್ 2.8. ಮೈನಸ್ 2.5 ಅಥವಾ ಅದಕ್ಕಿಂತ ಕೆಳಗೆ ಹೋದರೆ ಆಸ್ಟಿಯೋಪೊರೋಸಿಸ್, ಅಂದರೆ ಮೂಳೆ ಸವೆತದ ಕಾಯಿಲೆ. ಬೆನ್ನಿನದ್ದು ಮಾತ್ರ ಮೈನಸ್ 1.6. "ಬೆನ್ನು ಗಟ್ಟಿ ಇದೆಯಲ್ಲ" ಅಂತ ಅತ್ತೆಗೆ ಸಮಾಧಾನ. ಆಮೇಲೆ ಪರಿಚಯದ ಡಾಕ್ಟರೊಬ್ಬರು ನೋಡಿ, "ಅಮ್ಮಾ, ಬೆನ್ನಿನ ಲೆಕ್ಕ ನಂಬಬೇಡಿ, ಸೊಂಟದ್ದು ನೋಡಿ" ಅಂದರು. ವಯಸ್ಸಾದವರ ಬೆನ್ನುಮೂಳೆ ಅಂಚಿನಲ್ಲಿ ಹೊಸದಾಗಿ ಬೆಳೆದ ಮೂಳೆಮುಳ್ಳುಗಳು, ಅದರ ಮುಂದೆಯೇ ಹಾದುಹೋಗುವ ಮಹಾಪಧಮನಿಯಲ್ಲಿ ಕೂತ ಸುಣ್ಣ, ಇವೂ ಸೇರಿ ಅಂಕ ಏರಿಬಿಡುತ್ತದಂತೆ.

ಇಷ್ಟಾದರೂ ಸ್ಕ್ಯಾನ್ ಮಾಡಿಸಿದ ಆಸ್ಪತ್ರೆಯಲ್ಲಿ ಬಿಪಿ ಎಷ್ಟು, ಶುಗರ್ ಎಷ್ಟು, ಕೊಲೆಸ್ಟರಾಲ್ ಯಾವಾಗ ನೋಡಿಸಿದ್ರಿ ಅಂತ ಒಬ್ಬರೂ ಕೇಳಲಿಲ್ಲ. ಮೂಳೆ ಡಾಕ್ಟರಿಗೆ ಮೂಳೆ, ಹಾರ್ಟ್ ಡಾಕ್ಟರಿಗೆ ಹಾರ್ಟ್. ಮುಟ್ಟು ನಿಂತ ಹೆಂಗಸಿಗೆ ಮೂಳೆ ಸವೆದಿದೆ ಅಂತ ಹೇಳುವ ದಿನವೇ ಈ ಮೂರನ್ನೂ ನೋಡಿಬಿಟ್ಟರೆ ಏನು ಕಷ್ಟ? ಹೃದಯದ ನಾಳದ ಸುಣ್ಣ ನೋಡಲು ಎಲ್ಲರಿಗೂ ದುಬಾರಿ ಸಿಟಿ ಸ್ಕ್ಯಾನ್ ಮಾಡಿ ಅಂತ ನಾನು ಹೇಳುತ್ತಿಲ್ಲ. ಮೂಳೆ ಗಟ್ಟಿ ಮಾಡುವ ರೊಮೊಸೊಜುಮಾಬ್ ಇಂಜೆಕ್ಷನ್ನಿಗೆ 2019ರಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಾಗಲೇ, ಹಿಂದಿನ ಒಂದು ವರ್ಷದಲ್ಲಿ ಹೃದಯಾಘಾತ ಅಥವಾ ಸ್ಟ್ರೋಕ್ ಆದವರಿಗೆ ಕೊಡಬೇಡಿ ಅಂತ ಎಚ್ಚರಿಕೆ ಹಾಕಿಸಿತು. ಅಂದರೆ ಮೂಳೆಗೆ ಔಷಧಿ ಬರೆಯುವ ಮುಂಚೆ ಹೃದಯದ ಬಗ್ಗೆ ಕೇಳಲೇಬೇಕಾಗುತ್ತೆ.

ಇನ್ನೊಂದು. ಹೃದಯದ ಕವಾಟ ಬದಲಾಯಿಸಿಕೊಂಡು, ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಅಥವಾ ಅಸಿಟ್ರೋಮ್ ಮಾತ್ರೆ ತಗೊಳ್ಳುತ್ತಿರುವವರು ನಿಮ್ಮ ಮನೆಯಲ್ಲಿದ್ದರೆ ಆ ಕೆ2 ಲಿಂಕ್ ಅವರಿಗೆ ದಯವಿಟ್ಟು ಕಳಿಸಬೇಡಿ. ಆ ಮಾತ್ರೆಗಳು ಕೆಲಸ ಮಾಡುವುದೇ ವಿಟಮಿನ್ ಕೆಯನ್ನು ತಡೆದು. ಮೇಲಿಂದ ಕೆ ಸುರಿದರೆ ರಕ್ತ ಹೆಪ್ಪುಗಟ್ಟಿ ಕವಾಟವೇ ಕಟ್ಟಿಕೊಳ್ಳಬಹುದು.